ಇಪ್ಪತ್ತಮೂರನೇ ಹಾಸಿಗೆಗೆ ಬಿದ್ದ ಹಸಿರು ಗುರುತು

ನಮ್ಮ ವಾರ್ಡನ್ನು ದಿನಕ್ಕೆ ಮೂರು ಬಾರಿ ಪರದೆಯ ಮೇಲೆ ನೋಡುವ ಮಾನ್ಯ ನಿರ್ದೇಶಕರೇ,

ಬರುವ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ತಮ್ಮ ಕಚೇರಿಯ ಎರಡನೇ ಮಹಡಿಯಲ್ಲಿ ಮೂವರು ಕುಳಿತು, ನಮ್ಮ ಹೆಂಗಸರ ವಾರ್ಡಿನ ಒಬ್ಬ ನರ್ಸಿನ ಹೆಸರನ್ನು ನೋಂದಣಿ ಪುಸ್ತಕದಿಂದ ಹೊಡೆದುಹಾಕಲಿದ್ದಾರೆ. ಆಮೇಲೆ ಅವಳು ಯಾವ ಆಸ್ಪತ್ರೆಯಲ್ಲೂ ಯಾರ ಕೈಗೂ ಒಂದು ಮಾತ್ರೆಯನ್ನೂ ಕೊಡುವಂತಿಲ್ಲ. ಒಬ್ಬರಿಗೆ ಕೊಡಬೇಕಾದ ಸೂಜಿಯನ್ನು ಇನ್ನೊಬ್ಬರಿಗೆ ಕೊಟ್ಟಳೆಂಬುದು ಅವಳ ಮೇಲಿನ ಆರೋಪ. ಕೊಟ್ಟದ್ದು ನಿಜ. ಆದರೆ ತಮ್ಮ ವರದಿಯಲ್ಲಿ ಬರೆದಿರುವ ಹಾಗೆ ಅದು ನಡೆಯಲಿಲ್ಲ. ಹೇಗೆ ನಡೆಯಿತೆಂದು ಪೂರ್ತಿ ಬಲ್ಲವರು ಇಬ್ಬರೇ. ಒಬ್ಬಳು ಅವಳು, ಬಾಯಿ ಬಿಡುತ್ತಿಲ್ಲ. ಇನ್ನೊಬ್ಬಳು ನಾನು.

ಇದನ್ನು ಪತ್ರಿಕೆಗೆ ಯಾಕೆ ಬರೆದೆ, ಕಚೇರಿಗೆ ಯಾಕೆ ಬರೆಯಲಿಲ್ಲ ಎಂದು ತಾವು ಕೇಳಬಹುದು. ತಾವು ಕಳಿಸಿದ ಯಂತ್ರದ ತೊಂದರೆಗಳ ಬಗ್ಗೆ ಬರೆದಿದ್ದೇನೆ ಸ್ವಾಮಿ, ಮೂರು ಸಲ. ಉತ್ತರ ಕೊಡುವುದರಲ್ಲಿ ತಮ್ಮ ಕಚೇರಿಯದು ಎತ್ತಿದ ಕೈ; ದೂರು ಕಳಿಸಿ ನಾನು ಕುರ್ಚಿಯಿಂದ ಏಳುವಷ್ಟರಲ್ಲಿ ಉತ್ತರ ಬಂದಿರುತ್ತದೆ. ಮೊದಲನೆಯದಕ್ಕೆ ‘ತಮ್ಮ ದೂರನ್ನು ಸ್ವೀಕರಿಸಲಾಗಿದೆ’. ಎರಡನೆಯದಕ್ಕೆ ಒಂದು ಸಲಹೆ, ಅದರ ವಿಷಯ ಮುಂದೆ ಹೇಳುತ್ತೇನೆ. ಮೂರನೆಯದಕ್ಕೆ ‘ತಮ್ಮ ದೂರನ್ನು ಪರಿಹರಿಸಲಾಗಿದೆ’, ಕೆಳಗೆ ಐದು ನಕ್ಷತ್ರಗಳಲ್ಲಿ ಎಷ್ಟು ಕೊಡುತ್ತೀರೆಂಬ ಪ್ರಶ್ನೆ. ಯಾರು ಪರಿಹರಿಸಿದರು, ಯಾವಾಗ ಬಂದರು, ನಮ್ಮ ವಾರ್ಡಿನ ಬಾಗಿಲು ಯಾವ ದಿಕ್ಕಿಗಿದೆಯೆಂದಾದರೂ ಅವರಿಗೆ ಗೊತ್ತೇ? ಅದಕ್ಕೆ ಈ ಸಲ ನಾಲ್ಕು ಜನ ಓದುವಲ್ಲಿ ಬರೆಯುತ್ತಿದ್ದೇನೆ.

ನಾನು ಆ ವಾರ್ಡಿನ ಹಿರಿಯ ನರ್ಸ್. ಇಪ್ಪತ್ತೇಳು ವರ್ಷದ ಸೇವೆ, ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ. ತಾವು ಕಳಿಸಿದ ಕೈಯಂತ್ರಕ್ಕೆ ನಾವು ಮೊಬೈಲು ಎಂದೇ ಕರೆಯುತ್ತೇವೆ, ನೋಡುವುದಕ್ಕೂ ಅದು ಮೊಬೈಲೇ. ರೋಗಿಯ ಮಣಿಕಟ್ಟಿಗೆ ಕಟ್ಟಿದ ಪಟ್ಟಿಯ ಕಪ್ಪು ಗೆರೆಗಳಿಗೆ ಅದನ್ನು ಹಿಡಿಯಬೇಕು, ಆಮೇಲೆ ಔಷಧಿಯ ಮೇಲಿನ ಗೆರೆಗಳಿಗೆ ಹಿಡಿಯಬೇಕು. ಎರಡೂ ತಾಳೆಯಾದರೆ ಹಸಿರು ಗುರುತು. ಆಗದಿದ್ದರೆ ಅದು ಕೈಯಲ್ಲೇ ನಡುಗಿ ಕೆಂಪಾಗುತ್ತದೆ. ಜ್ವರ, ರಕ್ತದೊತ್ತಡ, ನೋವು ಎಲ್ಲವನ್ನೂ ಹಾಸಿಗೆಯ ಪಕ್ಕದಲ್ಲೇ ನಿಂತು ಅದರೊಳಗೆ ತುಂಬಬೇಕು. ಸೊನ್ನೆಯಿಂದ ಹತ್ತರೊಳಗೆ ನೋವೆಷ್ಟು ಎಂದು ಕೇಳದೆ ಅದು ಮುಂದಕ್ಕೇ ಹೋಗುವುದಿಲ್ಲ. “ನೋವಿಗೆ ಮಾರ್ಕ್ಸ್ ಹಾಕೋಕೆ ನಾನೇನು ಮೇಷ್ಟ್ರಾ?” ಎಂದು ಒಬ್ಬ ಅಜ್ಜಿ ನನ್ನನ್ನೇ ಗದರಿದ್ದರು. ನಮ್ಮಮ್ಮ ನರಳುತ್ತಿದ್ದರೆ ಸಿಸ್ಟರ್ ಮೊಬೈಲ್ ನೋಡುತ್ತ ನಿಂತಿದ್ದರು ಎಂದು ಒಬ್ಬ ಮಗರಾಯ ಫೋಟೋ ಸಮೇತ ದೂರು ಕೊಟ್ಟ. ಆ ದೂರನ್ನೂ ತಾವು ಪರಿಹರಿಸಿದ್ದೀರಿ, ನನ್ನಿಂದ ವಿವರಣೆ ಬರೆಸಿಕೊಂಡು.

ಹಾಗೆಂದು ನಾನು ಯಂತ್ರ ಕಂಡರೆ ಉರಿದು ಬೀಳುವವಳಲ್ಲ. ಅದು ಬಂದ ಮೊದಲ ತಿಂಗಳಲ್ಲೇ ನನ್ನ ಕೈಯನ್ನು ಹಿಡಿದು ನಿಲ್ಲಿಸಿತ್ತು. ಒಬ್ಬ ಹೆಂಗಸಿಗೆ ಮೈಗೆ ಆಗದ ಔಷಧಿಯನ್ನು ನಾನು ಸೂಜಿಗೆ ಎಳೆದುಕೊಳ್ಳಲು ಹೊರಟಿದ್ದೆ. ಮೊಬೈಲು ನಡುಗಿತು, ಕೆಂಪಾಯಿತು. ಆ ಹೆಂಗಸು ನಾಲ್ಕು ದಿನದ ಮೇಲೆ ನಡೆದುಕೊಂಡು ಮನೆಗೆ ಹೋದಾಗ ನಾನು ಮೆಟ್ಟಿಲ ತನಕ ಹೋಗಿ ಕಳಿಸಿ ಬಂದೆ. ಹಾಸಿಗೆಯ ಪಕ್ಕದಲ್ಲಿ, ಜೀವ ಇರುವ ಮಣಿಕಟ್ಟಿಗೆ ಹಿಡಿದರೆ ಅದು ನಂಬಿಕಸ್ಥ ಯಂತ್ರ. ಮಣಿಕಟ್ಟು ಬಿಟ್ಟು ಬೇರೆಲ್ಲಿ ಹಿಡಿದರೂ ಅದಕ್ಕೆ ಏನೂ ಗೊತ್ತಾಗುವುದಿಲ್ಲ. ನನ್ನ ಇಡೀ ತಕರಾರು ಇಷ್ಟೇ, ನನ್ನ ಇಡೀ ಪಾಪವೂ ಇಷ್ಟೇ.

ನಮ್ಮ ವಾರ್ಡಿನಲ್ಲಿ ಮೂವತ್ತು ಹಾಸಿಗೆ. ಬಾಗಿಲಿನಿಂದ ಇಪ್ಪತ್ತನೆಯದರ ತನಕ ಸಿಗ್ನಲ್ ಸಿಗುತ್ತದೆ. ಅಲ್ಲಿಂದ ಒಂದು ದಪ್ಪ ಕಂಬ, ಕಂಬದಾಚೆಗೆ ವಾರ್ಡು ಎಡಕ್ಕೆ ತಿರುಗುತ್ತದೆ, ಆ ಮೂಲೆಯಲ್ಲಿ ಹತ್ತು ಹಾಸಿಗೆ. ಅಲ್ಲಿ ಮೊಬೈಲಿನ ಪರದೆಯ ಮೇಲೆ ಒಂದು ಚಕ್ರ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. ಏಳೂವರೆಯ ಸೂಜಿ ಎಂಟು ದಾಟಿದರೆ ‘ತಡ’ ಎಂದು ಕೆಂಪು ಬೀಳುತ್ತದೆ. ವಾರಕ್ಕೊಮ್ಮೆ ಆ ಕೆಂಪುಗಳನ್ನು ಎಣಿಸಿ, ವಾರ್ಡುವಾರು ಪಟ್ಟಿ ಮಾಡಿ, ಕ್ಯಾಂಟೀನಿನ ಪಕ್ಕದ ಫಲಕಕ್ಕೆ ಹಚ್ಚಲು ತಾವು ಆದೇಶಿಸಿದಿರಿ. ನಮ್ಮ ವಾರ್ಡು ಸತತ ಏಳು ವಾರ ಕೊನೆಯಲ್ಲಿತ್ತು. ಮಾಸಿಕ ಸಭೆಯಲ್ಲಿ ತಾವು ನನ್ನನ್ನು ಎದ್ದು ನಿಲ್ಲಿಸಿ, “ವಯಸ್ಸಾದವರಿಗೆ ಇದು ಕಷ್ಟವಾಗುತ್ತಿದ್ದರೆ ಹೇಳಿ, ಬೇರೆಯವರನ್ನು ನೋಡೋಣ” ಎಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ಮೂಲೆಯ ಸಿಗ್ನಲ್ ಬಗ್ಗೆಯೇ ನನ್ನ ಎರಡನೆಯ ದೂರು. ತಮ್ಮ ಕಚೇರಿಯ ಸಲಹೆಯನ್ನು ಅಕ್ಷರ ಬಿಡದೆ ಇಲ್ಲಿ ಬರೆಯುತ್ತಿದ್ದೇನೆ: ‘ಸಂಪರ್ಕ ದುರ್ಬಲವಿರುವ ಸ್ಥಳಗಳಲ್ಲಿ ಸಿಬ್ಬಂದಿಯು ಸಾಧನವನ್ನು ಸಂಪರ್ಕ ಉತ್ತಮವಿರುವ ಸ್ಥಳಕ್ಕೆ ಒಯ್ದು ಬಳಸತಕ್ಕದ್ದು.’ ಎಂಥ ಸಲಹೆ! ಮೊಬೈಲನ್ನು ಒಯ್ಯಬಹುದು ನಿರ್ದೇಶಕರೇ. ಮಲಗಿರುವ ಹತ್ತು ಜನರ ಮಣಿಕಟ್ಟುಗಳನ್ನು ಒಯ್ಯುವುದು ಹೇಗೆ? ಒಂದು ದಿನ ಪೂರ್ತಿ ಯೋಚಿಸಿದೆ. ಮಾರನೆಯ ದಿನ ಒಯ್ದೆ.

ಒಬ್ಬೊಬ್ಬರ ಕೈಪಟ್ಟಿಯದೂ ಇನ್ನೊಂದು ಪ್ರತಿ ಮುದ್ರಿಸಿಕೊಂಡೆ. ಹಳೆಯ ಎಕ್ಸ್‌ರೇ ಪೆಟ್ಟಿಗೆಯ ರಟ್ಟನ್ನು ಕತ್ತರಿಸಿ, ಇಪ್ಪತ್ತೊಂದರಿಂದ ಮೂವತ್ತರ ತನಕ ಹಾಸಿಗೆಯ ಸಂಖ್ಯೆ ಬರೆದು, ಎದುರಿಗೆ ಆ ಹತ್ತು ಪ್ರತಿಗಳನ್ನು ಅಂಟಿಸಿದೆ. ಹಾಸಿಗೆಗೆ ಹೊಸಬರು ಬಂದರೆ ಹಳೆಯದನ್ನು ಕಿತ್ತು ಹೊಸದು. ರಟ್ಟನ್ನು ಬಾಗಿಲ ಬಳಿಯ ಔಷಧಿ ಮೇಜಿನ ಮೇಲಿನ ಮೊಳೆಗೆ ನೇತುಹಾಕಿದೆ. ಅಲ್ಲೇ ನಿಂತು ರಟ್ಟಿಗೆ ಮೊಬೈಲು ಹಿಡಿಯುವುದು, ಔಷಧಿಗೆ ಹಿಡಿಯುವುದು, ಹಸಿರು ಬೀಳಿಸಿಕೊಳ್ಳುವುದು, ಆಮೇಲೆ ತಟ್ಟೆ ಎತ್ತಿಕೊಂಡು ಮೂಲೆಗೆ ನಡೆಯುವುದು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಎರಡು ತಿಂಗಳಲ್ಲಿ ನಮ್ಮ ವಾರ್ಡು ಪಟ್ಟಿಯ ತಲೆಗೆ ಏರಿತು. ತಾವು ಖುದ್ದು ಬಂದಿರಿ, ಬಾಗಿಲ ಪಕ್ಕದ ಎರಡನೇ ಹಾಸಿಗೆಯ ಬಳಿ ಮೊಬೈಲು ಹಿಡಿದು ಫೋಟೋ ತೆಗೆಸಿಕೊಂಡಿರಿ, ಚಿನ್ನದ ಅಂಚಿನ ಪ್ರಶಸ್ತಿಪತ್ರ ಕೊಟ್ಟಿರಿ. ಅದನ್ನು ನಾವು ರಟ್ಟಿನ ಪಕ್ಕದ ಮೊಳೆಗೇ ತೂಗುಹಾಕಿದೆವು. ಫೋಟೋ ಇನ್ನೂ ತಮ್ಮ ಬಳಿ ಇದ್ದರೆ ಸ್ವಲ್ಪ ನೋಡಿ, ತಮ್ಮ ಎಡ ಭುಜದ ಹಿಂದೆ ರಟ್ಟಿನ ಒಂದು ಮೂಲೆ ಕಾಣಿಸುತ್ತದೆ.

ಈಗ ಅವಳ ವಿಷಯ. ವಾರ್ಡಿನಲ್ಲಿ ಎಲ್ಲರೂ ಅವಳನ್ನು ‘ಹೆಸರೇನಮ್ಮ’ ಎಂದು ಕರೆಯುತ್ತಿದ್ದೆವು. ಮಾತ್ರೆ ಕೊಡುವ ಮೊದಲು ರೋಗಿಯ ಹೆಸರನ್ನು ಅವರ ಬಾಯಿಂದಲೇ ಹೇಳಿಸದೆ ಅವಳು ಲೋಟದ ನೀರು ಮುಂದೆ ಚಾಚುತ್ತಿರಲಿಲ್ಲ. ಹತ್ತು ದಿನದಿಂದ ಮಲಗಿದವರಿಗೂ ಅದೇ ಪ್ರಶ್ನೆ: “ಹೆಸರೇನಮ್ಮಾ?” “ನಿನ್ನೆ ಹೇಳಿದ್ನಲ್ಲೇ, ಒಂದೇ ರಾತ್ರೀಲಿ ಬದಲಾಯಿಸ್ಕೊಂಡ್ಬಿಟ್ನಾ?” ಎಂದು ಅಜ್ಜಿಯಂದಿರು ಕಾಲೆಳೆಯುತ್ತಿದ್ದರು. ಅವಳು ನಗುತ್ತಿದ್ದಳು, ಉತ್ತರ ಬರುವ ತನಕ ಕದಲುತ್ತಿರಲಿಲ್ಲ. ಒಬ್ಬೊಬ್ಬರ ಬಳಿ ಅರ್ಧ ನಿಮಿಷ. ಕೆಲವರು ಹೆಸರಿನ ಜೊತೆಗೆ ಅಪ್ಪನ ಹೆಸರು, ಗಂಡನ ಹೆಸರು, ಬಂದ ಊರು ಎಲ್ಲ ಹೇಳುತ್ತಿದ್ದರು, ಆಗ ಒಂದು ನಿಮಿಷ. ಮೂವತ್ತು ಹಾಸಿಗೆಗೆ ಮೂವರು ನರ್ಸುಗಳಿರುವಲ್ಲಿ ಆ ನಿಮಿಷಗಳೆಲ್ಲ ಕೂಡಿ ಕೆಂಪಾಗುತ್ತಿದ್ದವು. ಪಟ್ಟಿಯಲ್ಲಿ ನಮಗೆ ಉಳಿದಿದ್ದ ಕೆಂಪುಗಳಲ್ಲಿ ಮುಕ್ಕಾಲು ಪಾಲು ಅವಳವೇ.

ಮೂರು ವಾರದ ಹಿಂದೆ, ಒಂದು ವಾರದ ರಜೆ ಮುಗಿಸಿ ಅವಳು ಬೆಳಗಿನ ಪಾಳಿಗೆ ಬಂದಳು. ಮೂಲೆಯ ಹಾಸಿಗೆಗಳನ್ನು ಅವಳಿಗೇ ವಹಿಸಿದೆ. ಅಲ್ಲಿದ್ದವರೆಲ್ಲ ಆ ವಾರದಲ್ಲಿ ಸೇರಿದವರು, ಅವಳಿಗೆ ಒಂದೂ ಮುಖ ಗುರುತಿರಲಿಲ್ಲ. ಹೊರಟವಳನ್ನು ತಡೆದು ನಾನು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ.

“ಇವತ್ತು ನಿನ್ನ ಹೆಸರು ಕೇಳೋ ಪುರಾಣ ಬೇಡ. ರಟ್ಟಿನ ಮೇಲೆ ಎಲ್ಲಾ ಇದೆ. ಎಂಟರೊಳಗೆ ಮುಗಿಸು.”

“ಅಕ್ಕ, ಹೊಸಬರು...”

“ಹೊಸಬರಾದ್ರೆ ರಟ್ಟೂ ಹೊಸದೇ. ನಿನ್ನೆ ನಾನೇ ಅಂಟಿಸಿದೀನಿ. ಹಸಿರು ಬಿತ್ತು ಅಂದ್ರೆ ಮುಗೀತು.”

“ಆಯ್ತಕ್ಕ” ಎಂದಳು.

ಇಪ್ಪತ್ತಮೂರನೇ ಹಾಸಿಗೆ ಕಿಟಕಿಯ ಪಕ್ಕದ್ದು. ಅದು ಸಕ್ಕರೆ ಕಾಯಿಲೆಯ ಒಬ್ಬ ಅಜ್ಜಿಯದು, ಮಾರ್ಕ್ಸ್ ಹಾಕಲು ಒಪ್ಪದ ಅಜ್ಜಿ ಅವರೇ. ಇಪ್ಪತ್ತನಾಲ್ಕರಲ್ಲಿ ಕೆಮ್ಮು, ಏದುಸಿರಿನ ಇನ್ನೊಬ್ಬ ಅಜ್ಜಿ. ಮೂರು ದಿನದಲ್ಲೇ ಇಬ್ಬರೂ ಜೀವದ ಗೆಳತಿಯರಾಗಿದ್ದರು. ಕೆಮ್ಮಿನ ಅಜ್ಜಿಗೆ ಗಾಳಿ ಬೇಕಿತ್ತು, ಸಕ್ಕರೆಯ ಅಜ್ಜಿಗೆ ಅದೇ ಗಾಳಿಗೆ ಮಂಡಿ ಹಿಡಿಯುತ್ತಿತ್ತು. ಬೆಳಿಗ್ಗೆ ಆರೂವರೆಗೆ, ಕಸ ಗುಡಿಸುವವಳು ಆ ಕಡೆ ಹೋದ ಹೊತ್ತಿನಲ್ಲಿ, ಇಬ್ಬರೂ ತಮ್ಮ ತಮ್ಮ ದಿಂಬು, ಲೋಟ, ಕನ್ನಡಕ ಎತ್ತಿಕೊಂಡು ಹಾಸಿಗೆ ಬದಲಾಯಿಸಿಕೊಂಡರು. ಯಾರಿಗೆ ಹೇಳಬೇಕು, ಯಾಕೆ ಹೇಳಬೇಕು? ಬಸ್ಸಿನಲ್ಲಿ ಕಿಟಕಿ ಸೀಟು ಬಿಟ್ಟುಕೊಡುವವರು ಕಂಡಕ್ಟರಿಗೆ ಹೇಳುತ್ತಾರೆಯೇ?

ಏಳು ಮೂವತ್ತನಾಲ್ಕಕ್ಕೆ ಹೆಸರೇನಮ್ಮ ಮೇಜಿನ ಬಳಿ ನಿಂತು ರಟ್ಟಿನ ಇಪ್ಪತ್ತಮೂರಕ್ಕೆ ಮೊಬೈಲು ಹಿಡಿದಳು, ಇನ್ಸುಲಿನ್ ಬಾಟಲಿಗೆ ಹಿಡಿದಳು. ಹಸಿರು ಬಿತ್ತು. ಸೂಜಿ ತುಂಬಿಕೊಂಡು ಕಂಬ ದಾಟಿ ಇಪ್ಪತ್ತಮೂರಕ್ಕೆ ಹೋದಳು. ಕೆಮ್ಮಿಗೆಂದು ದಿನಾ ಸೂಜಿ ಚುಚ್ಚಿಸಿಕೊಂಡು ರೂಢಿಯಾಗಿದ್ದ ಅಜ್ಜಿ, ತಾವೇ ರವಿಕೆಯ ತೋಳು ಮಡಚಿ ಕೈ ಚಾಚಿದರು. ಅವರ ಮಣಿಕಟ್ಟಿನಲ್ಲಿ ಅವರದೇ ಸರಿಯಾದ ಪಟ್ಟಿ ಇತ್ತು. ಅದಕ್ಕೆ ಒಮ್ಮೆ ಹಿಡಿದಿದ್ದರೆ ಮೊಬೈಲು ನಡುಗುತ್ತಿತ್ತು. ಬಾಯಿಬಿಟ್ಟು ಒಮ್ಮೆ ಕೇಳಿದ್ದರೆ ಅಜ್ಜಿ ಹೇಳುತ್ತಿದ್ದರು. ಮೊದಲನೆಯದನ್ನು ತಮ್ಮ ಸಿಗ್ನಲ್ ತಪ್ಪಿಸಿತು, ಎರಡನೆಯದನ್ನು ನಾನು ತಪ್ಪಿಸಿದೆ.

ತಿಂಡಿ ಬರುವುದು ತಡವಾಯಿತು. “ಇವಳ್ಯಾಕೋ ಮಾತಾಡ್ತಿಲ್ಲ, ಮೈಯೆಲ್ಲಾ ಒದ್ದೆ” ಎಂದು ಕೂಗಿದವರು ಪಕ್ಕದ ಸಕ್ಕರೆಯ ಅಜ್ಜಿ. ನಾವು ಓಡಿದೆವು. ಸಕ್ಕರೆ ಪರೀಕ್ಷೆ ಮಾಡಿ ನೋಡಿದಾಗ ಅದು ಇಳಿದಿದ್ದ ಸಂಖ್ಯೆಯನ್ನು ಬರೆಯಲು ನನಗೆ ಈಗಲೂ ಆಗುವುದಿಲ್ಲ. ಗ್ಲೂಕೋಸ್ ಏರಿಸುವಷ್ಟರಲ್ಲಿ ಫಿಟ್ಸ್ ಬಂದಿತ್ತು. ಎರಡು ದಿನ ಐಸಿಯು. ಡ್ರಿಪ್ಪಿನ ಕಂಬ ಹಿಡಿದುಕೊಂಡು ಓಡಿದವಳು ಹೆಸರೇನಮ್ಮ. ಐಸಿಯು ಬಾಗಿಲು ಮುಚ್ಚಿದ ಮೇಲೆ ಗೋಡೆಗೆ ಒರಗಿ, “ಅಕ್ಕ, ನಾನು ಕೇಳ್ಲಿಲ್ಲ. ನಾನು ಕೇಳ್ಲೇ ಇಲ್ಲ ಅಕ್ಕ” ಎಂದು ಅದೊಂದನ್ನೇ ಹೇಳುತ್ತಿದ್ದಳು.

ಆಗ ನಾನೇನು ಮಾಡಿದೆ ಗೊತ್ತೇ? ವಾರ್ಡಿಗೆ ಹೋಗಿ ರಟ್ಟನ್ನು ಮೊಳೆಯಿಂದ ಇಳಿಸಿ, ಊಟದ ಬುತ್ತಿಯ ಚೀಲದೊಳಗೆ ತುರುಕಿದೆ. ಮಧ್ಯಾಹ್ನ ತಮ್ಮ ತಾಂತ್ರಿಕ ತಂಡ ಬಂತು. ಎರಡನೇ ಹಾಸಿಗೆಯ ಬಳಿ ಮೊಬೈಲು ಹಿಡಿದು ನೋಡಿತು, ಕೆಲಸ ಮಾಡುತ್ತಿತ್ತು. ‘ಸಾಧನದಲ್ಲಿ ಯಾವುದೇ ದೋಷ ಕಂಡುಬಂದಿಲ್ಲ’ ಎಂದು ಬರೆದುಕೊಂಡಿತು. ಮಾರನೆಯ ದಿನ ವಿಚಾರಣಾಧಿಕಾರಿಗಳು ನನ್ನನ್ನು ಕೂರಿಸಿಕೊಂಡು, “ನಿಮ್ಮ ವಾರ್ಡಿನಲ್ಲಿ ಸ್ಕ್ಯಾನ್ ಹಾಸಿಗೆಯ ಬಳಿಯೇ ಆಗುತ್ತದೆಯೇ?” ಎಂದು ಕೇಳಿದರು.

“ಹೌದು” ಎಂದೆ.

ಆ ಒಂದು ‘ಹೌದಿ’ನ ಮೇಲೆ ತಮ್ಮ ವರದಿ ನಿಂತಿದೆ. ಯಂತ್ರ ಸರಿ, ರೋಗಿ ಸರಿ, ಔಷಧಿ ಸರಿ, ಹೊತ್ತು ಸರಿ. ಅಂದಮೇಲೆ ಸ್ಕ್ಯಾನ್ ಆದ ನಂತರ ಆ ಸೂಜಿಯನ್ನು ಈ ನರ್ಸ್ ಬೇಕೆಂದೇ, ಇಲ್ಲವೇ ಅಕ್ಷಮ್ಯ ಉಡಾಫೆಯಿಂದ ಬೇರೆಯವರಿಗೆ ಚುಚ್ಚಿದ್ದಾಳೆ. ತರ್ಕದಲ್ಲಿ ಎಳ್ಳಷ್ಟೂ ಲೋಪವಿಲ್ಲ. ನನ್ನ ಸುಳ್ಳೊಂದನ್ನು ಬಿಟ್ಟರೆ. ಮೂರು ವಾರದಿಂದ ಆ ರಟ್ಟು ನಮ್ಮ ಮನೆಯಲ್ಲಿ ಕಬ್ಬಿಣದ ಬೀರುವಿನ ಹಿಂದೆ ಇದೆ. ಗುಡಿಸುವಾಗ ನಮ್ಮ ಯಜಮಾನರ ಕೈಗೆ ಸಿಕ್ಕಿತ್ತು. “ಇದೇನೇ, ಲಾಟರಿ ಟಿಕೆಟ್ ಅಂಟಿಸಿದಂಗಿದೆ?” ಎಂದರು. ವಿಷಯ ಹೇಳಿದೆ. ಅವರು ಅದನ್ನು ಇದ್ದಲ್ಲೇ ಇಟ್ಟು ಗುಡಿಸುವುದನ್ನು ಮುಂದುವರಿಸಿದರು.

ಕಳೆದ ಭಾನುವಾರ ಅವಳ ಮನೆಗೆ ಹೋದೆ. ಒಂದೇ ಕೋಣೆ, ಒಂದು ಅಡುಗೆಮನೆ. ಅವಳ ಮಗುವಿಗೆ ಜ್ವರ. ಔಷಧಿಯ ಬಾಟಲಿ, ಚಮಚ ಮೇಜಿನ ಮೇಲಿದ್ದವು. ಅವಳು ಮುಟ್ಟಲಿಲ್ಲ. “ರೀ, ನೀವೇ ಕುಡಿಸಿ” ಎಂದು ಗಂಡನನ್ನು ಕರೆದಳು. ನನ್ನ ಕಡೆ ತಿರುಗಿ, “ಈ ಕೈಯಿಂದ ಬೇಡ ಅಕ್ಕ” ಎಂದಳು. ಒಂಬತ್ತು ವರ್ಷ ಆ ಕೈಯಿಂದ ಎಷ್ಟು ಸಾವಿರ ಸೂಜಿ ಹೋಗಿದೆಯೋ ತಮ್ಮ ಯಂತ್ರದಲ್ಲಿ ಲೆಕ್ಕವಿಲ್ಲ, ಯಂತ್ರ ಬಂದು ಇನ್ನೂ ವರ್ಷ ತುಂಬಿಲ್ಲ.

“ರಟ್ಟಿನ ವಿಷಯ ಯಾಕೆ ಹೇಳ್ಲಿಲ್ಲ ನೀನು?” ಎಂದು ಕೇಳಿದೆ.

“ಹೇಳಿದ್ರೆ ನಿಮ್ಮ ಕೆಲಸಾನೂ ಹೋಗ್ತಿತ್ತು.”

“ಹೋಗ್ಲಿ. ಬೇಡ ಅಂದಿದ್ದು ನಾನಲ್ವಾ?”

“ನೀವು ಬೇಡ ಅಂದ್ರಿ, ನಿಜ. ಬಾಯಿ ನಂದೇ ಅಲ್ವಾ ಅಕ್ಕ. ಒಂದ್ಸಲ ಕೇಳಿದ್ರೆ ನೀವೇನು ಹೊಡೀತಿದ್ರಾ?”

ಅವಳು ಕುಡಿಯಲು ಕೊಟ್ಟ ನೀರನ್ನು ಹಾಗೇ ಇಟ್ಟು ನಾನು ಎದ್ದು ಬಂದೆ.

ಕೆಮ್ಮಿನ ಅಜ್ಜಿ ವಾರ್ಡಿಗೆ ವಾಪಸು ಬಂದಿದ್ದಾರೆ. ಜೀವ ಉಳಿದಿದೆ, ನಾಲಿಗೆ ಇನ್ನೂ ಸ್ವಲ್ಪ ತೊದಲುತ್ತದೆ. ಈಗ ಮೂಲೆಯ ಹತ್ತು ಹಾಸಿಗೆಗಳನ್ನು ನಾನೇ ನೋಡಿಕೊಳ್ಳುತ್ತೇನೆ. ರಟ್ಟಿಲ್ಲ, ಸಿಗ್ನಲ್ಲೂ ಇಲ್ಲ. ಕಾಗದದಲ್ಲಿ ಬರೆದುಕೊಂಡು, ಮಣಿಕಟ್ಟಿನ ಪಟ್ಟಿಯನ್ನು ಕಣ್ಣಲ್ಲೇ ಓದಿ, ಬಾಯಲ್ಲಿ ಹೆಸರು ಕೇಳಿ ಕೊಡುತ್ತೇನೆ. ಈ ವಾರದ ಪಟ್ಟಿಯಲ್ಲಿ ನಾವು ಮತ್ತೆ ಕೊನೆಯಲ್ಲಿದ್ದೇವೆ, ತಾವು ಗಮನಿಸಿಯೇ ಇರುತ್ತೀರಿ. ಮೊನ್ನೆ ಬೆಳಿಗ್ಗೆ ಮಾತ್ರೆ ಹಿಡಿದು ಆ ಅಜ್ಜಿಯ ಮುಂದೆ ನಿಂತು, “ಹೆಸರು ಹೇಳಿ ಅಮ್ಮ” ಎಂದೆ. ಅವರು ತೊದಲುತ್ತ, ಒಂದೊಂದೇ ಅಕ್ಷರ ಕೂಡಿಸಿ, ತಮ್ಮ ಹೆಸರು, ತಮ್ಮ ಅಪ್ಪನ ಹೆಸರು, ಹುಟ್ಟಿದ ಊರು ಹೇಳಿದರು. ಪೂರಾ ಎರಡು ನಿಮಿಷ ಹಿಡಿಯಿತು. ಮುಗಿಸಿ ಮಾತ್ರೆಗೆ ಕೈ ಚಾಚುತ್ತ, “ಅವತ್ತು ಯಾರೂ ಕೇಳ್ಲಿಲ್ಲ” ಎಂದರು. ದೂರಿನ ದನಿಯಲ್ಲಿ ಅಲ್ಲ. ನನಗೆ ಗೊತ್ತಿಲ್ಲವೇನೋ ಎಂದುಕೊಂಡು ತಿಳಿಸಿದರು.

ನಿರ್ದೇಶಕರೇ, ಗುರುವಾರ ಹತ್ತು ಗಂಟೆಗೆ ನಾನು ಎರಡನೇ ಮಹಡಿಗೆ ಬರುತ್ತೇನೆ. ನನ್ನನ್ನು ಕರೆದಿಲ್ಲವೆಂದು ಗೊತ್ತು. ಆ ರಟ್ಟು ನನ್ನ ಕೈಯಲ್ಲಿರುತ್ತದೆ, ಜೊತೆಗೆ ತಮ್ಮ ಕಚೇರಿಯ ಆ ಸಲಹೆಯ ಕಾಗದವೂ, ತಮ್ಮ ಫೋಟೋ ಅಚ್ಚಾದ ಆಸ್ಪತ್ರೆಯ ವಾರ್ತಾಪತ್ರವೂ. ಮೂರನ್ನೂ ಕಡತಕ್ಕೆ ಸೇರಿಸಿ. ನಾನು ಹೇಳಿದ ‘ಹೌದು’ ಹೊಡೆದುಹಾಕಿ ‘ಇಲ್ಲ’ ಎಂದು ಬರೆದುಕೊಳ್ಳಿ. ಹೊಡೆದುಹಾಕಲೇಬೇಕಾದ ಒಂದು ಹೆಸರು ಬೇಕಿದ್ದರೆ ನನ್ನದು ಸಿದ್ಧವಿದೆ, ಅದಕ್ಕೆ ನಾನು ಗೋಗರೆಯುವುದಿಲ್ಲ. ಗೋಗರೆಯುವುದು ಅವಳಿಗಾಗಿ. ತಾನೇ ತಪ್ಪಿತಸ್ಥೆಯೆಂದು ಒಪ್ಪಿಕೊಂಡಿದ್ದಾಳಲ್ಲ ಎಂದು ತಾವು ಕೈತೊಳೆದುಕೊಳ್ಳಬೇಡಿ. ಅವಳಿಗೆ ಶಿಕ್ಷೆಯೇ ಬೇಕೆನಿಸಿದರೆ ಒಂದು ತಿಂಗಳು ನನ್ನ ಜಾಗದಲ್ಲಿ ಮೂಲೆಯ ಹಾಸಿಗೆಗಳಿಗೆ ಹಾಕಿ, ಆದರೆ ನರ್ಸಾಗಿಯೇ ಇರಲು ಬಿಡಿ. ಕಂಬದಾಚೆಗೆ ಸಿಗ್ನಲ್ ಹಾಕಿಸಿ. ಅದು ಬರುವ ತನಕ ಆ ಹತ್ತು ಹಾಸಿಗೆಗಳ ಕೆಂಪನ್ನು ಎಣಿಸುವುದನ್ನು ನಿಲ್ಲಿಸಿ. ಇಂಥ ರಟ್ಟು ನಮ್ಮ ವಾರ್ಡಿನಲ್ಲಿ ಮಾತ್ರ ಇತ್ತೆಂದು ತಾವು ನಂಬಿದ್ದರೆ, ಪಟ್ಟಿಯ ತಲೆಯಲ್ಲಿರುವ ಉಳಿದ ವಾರ್ಡುಗಳಿಗೆ ಹೇಳದೆ ಕೇಳದೆ ಒಮ್ಮೆ ಹೋಗಿ, ಬಾಗಿಲ ಬಳಿಯ ಗೋಡೆಗಳನ್ನು ನೋಡಿ.

ಎರಡನೇ ಹಾಸಿಗೆಯ ಬಳಿ ನಿಲ್ಲಬೇಡಿ. ಮೂಲೆಯ ತನಕ ನಡೆಯಿರಿ. ಅಲ್ಲಿ ಮಲಗಿದವರ ಹೆಸರು ಕೇಳಿ, ಅವರು ಹೇಳಿ ಮುಗಿಸುವ ತನಕ ನಿಲ್ಲಿ. ಎಷ್ಟು ಹೊತ್ತು ಹಿಡಿಯುತ್ತದೆಂದು ಆಗ ತಮಗೆ ಗೊತ್ತಾಗುತ್ತದೆ.

ಇಂತಿ,
ಹೆಸರು ಕೇಳಬೇಡವೆಂದು ಹೇಳಿದವಳು,
ಗುರುವಾರ ಹತ್ತು ಗಂಟೆಯ ತನಕ ಹೆಂಗಸರ ವಾರ್ಡಿನ ಹಿರಿಯ ನರ್ಸ್